ಮಸ್ಕಿಯ ಬಂಡೆ ಕೇಳುವ ಪ್ರಶ್ನೆ

ಸಿಂಧನೂರಿನಿಂದ ಲಿಂಗಸುಗೂರಿನ ಕಡೆಗೆ ಹೊರಟರೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಭತ್ತದ ಗದ್ದೆಗಳು ಹಿಂದೆ ಸರಿದು ಕಲ್ಲುಗುಡ್ಡಗಳು ಎದುರಾಗುತ್ತವೆ. ನಡುದಾರಿಯಲ್ಲಿ ಸಿಗುವ ಊರೇ ಮಸ್ಕಿ. ಇಲ್ಲಿನ ಗುಡ್ಡದ ಬಂಡೆಯೊಂದರ ಮೇಲೆ ಕ್ರಿ.ಪೂ. 3ನೇ ಶತಮಾನದ ಪ್ರಾಕೃತ ಶಾಸನವಿದೆ. ಲಿಪಿ ಬ್ರಾಹ್ಮಿ.

1915ರಲ್ಲಿ ಇದನ್ನು ಪತ್ತೆ ಮಾಡಿದವರು ಗಣಿ ಎಂಜಿನಿಯರ್ ಸಿ. ಬೀಡನ್. ಅಲ್ಲಿಯವರೆಗೆ ಓದಿದ್ದ ಶಾಸನಗಳಲ್ಲೆಲ್ಲ ಅರಸನಿಗೆ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಷ್ಟೇ ಇದ್ದವು. ಅವನು ಅಶೋಕನೇ ಎಂದು ವಿದ್ವಾಂಸರು ಸಿಂಹಳದ ಗ್ರಂಥಗಳ ನೆರವಿನಿಂದ ಊಹಿಸಿದ್ದರು. ಮಸ್ಕಿಯಲ್ಲಿ ‘ಅಶೋಕ’ ಎಂಬ ಹೆಸರೇ ಸಿಕ್ಕಿ, ಊಹೆಗೆ ಪುರಾವೆ ಒದಗಿತು.

ಇಷ್ಟು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಶಾಸನದ ಒಳಗಿನ ಮಾತು ಬೇರೆಯೇ ಇದೆ. ತಾನು ಬುದ್ಧನ ಅನುಯಾಯಿಯಾಗಿ ಎರಡೂವರೆ ವರ್ಷ ಕಳೆಯಿತು ಎನ್ನುತ್ತಾನೆ ಅಶೋಕ. ಇದೇ ಶಾಸನದ ಇನ್ನೊಂದು ಪ್ರತಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿದೆ. ಅಲ್ಲಿ ಅವನು ಮತ್ತೂ ಬಿಚ್ಚಿ ಹೇಳುತ್ತಾನೆ: ಮೊದಮೊದಲು ಒಂದು ವರ್ಷ ಹೆಚ್ಚೇನೂ ಶ್ರಮಿಸಲಿಲ್ಲ, ಸಂಘವನ್ನು ಸೇರಿದ ಮೇಲೆಯೇ ಮನಸ್ಸಿಟ್ಟು ಶ್ರಮಿಸಿದೆ. ಹೊಸ ಪುರಾವೆ ಸಿಕ್ಕಿ ನಂಬಿಕೆ ಬಲವಾಯಿತೆಂದು ಅವನು ಹೇಳುವುದಿಲ್ಲ. ಬದಲಾದದ್ದು ತೊಡಗಿಕೊಂಡ ತೀವ್ರತೆ. ಈ ಫಲ ದೊಡ್ಡವರಿಗೆ ಮಾತ್ರವೆಂದು ತಿಳಿಯಬೇಡಿ, ಧರ್ಮದಲ್ಲಿ ನಿರತನಾದ ಸಾಮಾನ್ಯನೂ ಪಡೆಯಬಲ್ಲ ಎಂದೂ ಮಸ್ಕಿಯ ಬಂಡೆ ಸಾರುತ್ತದೆ.

ಎರಡು ಸಾವಿರ ವರ್ಷಗಳ ನಂತರ, 1846ರಲ್ಲಿ, ಡೆನ್ಮಾರ್ಕಿನ ತತ್ತ್ವಜ್ಞಾನಿ ಕೀರ್ಕೆಗಾರ್ಡ್ ಈ ಪ್ರಶ್ನೆಯನ್ನು ಇನ್ನೂ ಮುಂದಕ್ಕೆ ಒಯ್ದ. ಚರಿತ್ರೆಯ ದಾಖಲೆ ಎಷ್ಟೇ ಕೂಡಿಹಾಕಿದರೂ ಶ್ರದ್ಧೆ ಹುಟ್ಟದು. ಖಚಿತವಲ್ಲದ್ದನ್ನು ಅಂತರಂಗದ ಉತ್ಕಟತೆಯಿಂದ ಹಿಡಿದುಕೊಳ್ಳುವುದೇ ಶ್ರದ್ಧೆ ಎಂದ. ಅವನು ಕ್ರೈಸ್ತ, ಅಶೋಕ ಬೌದ್ಧ. ಇಬ್ಬರ ದಾರಿ ಒಂದಲ್ಲ. ಆದರೂ ಹೆಸರಿಗೆ ಒಪ್ಪಿಕೊಳ್ಳುವುದಕ್ಕೂ ಬಾಳಿ ತೋರುವುದಕ್ಕೂ ಇರುವ ಅಂತರವನ್ನು ಇಬ್ಬರೂ ಕಂಡಿದ್ದರು.

ಉತ್ಕಟತೆ ಕುರುಡಾದರೆ? ತಂದೆತಾಯಿಗಳಿಗೆ ಈ ಆತಂಕ ಸಹಜ. ಅದಕ್ಕೂ ಅಶೋಕನಲ್ಲೇ ಉತ್ತರವಿದೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ದೊರೆತ ಅವನ 12ನೇ ಶಾಸನ, ತನ್ನ ಮತವನ್ನು ಅತಿಯಾಗಿ ಹೊಗಳಿ ಪರಮತವನ್ನು ಹಳಿಯುವವನು ತನ್ನ ಮತಕ್ಕೇ ಕೇಡು ಮಾಡುತ್ತಾನೆ ಎಂದು ಎಚ್ಚರಿಸುತ್ತದೆ. ಶ್ರದ್ಧೆಗೆ ಪುರಾವೆ ಬೇಡದಿರಬಹುದು, ಸಂಯಮ ಬೇಕೇ ಬೇಕು.

ಮಕ್ಕಳೊಡನೆ ಮಸ್ಕಿಗೆ ಹೋದವರು ಅರಸನ ಹೆಸರನ್ನು ತೋರಿಸಿದರೆ ಸಾಲದು. ಆ ಅರಸ ತನ್ನ ಅರೆಮನಸ್ಸಿನ ದಿನಗಳನ್ನೂ ಕಲ್ಲಿನಲ್ಲಿ ಬರೆಸಿದನೆಂಬುದನ್ನು ಹೇಳಬೇಕು.