ಮಂತ್ರಾಲಯದ ಇಲಿಗಳು

ಮಂತ್ರಾಲಯ ಎಂದರೆ ಊರಿನಲ್ಲಿರುವ ನಮ್ಮವರಿಗೆ ರಾಯರ ನೆನಪು. ಮುಂಬಯಿಯಲ್ಲಿರುವ ನಮಗೆ ಅದು ನರಿಮನ್ ಪಾಯಿಂಟ್ ಹತ್ತಿರದ ಸರ್ಕಾರಿ ಕಟ್ಟಡ. 2018ರ ಮಾರ್ಚ್‌ನಲ್ಲಿ ಅಲ್ಲಿನ ಇಲಿಗಳು ಸುದ್ದಿಯಾದಾಗ ಅಕ್ಕ ಊರಿನಿಂದ ಫೋನ್ ಮಾಡಿ, "ಅಲ್ಲೋ, ರಾಯರ ಸನ್ನಿಧಾನದಲ್ಲಿ ಇಲಿ ಕೊಂದ್ರಂತಾ?" ಎಂದು ಗಾಬರಿಯಿಂದ ಕೇಳಿದ್ದಳು.

ವಿಷಯ ಎತ್ತಿದವರು ಆಗಿನ ಆಡಳಿತ ಪಕ್ಷದವರೇ ಆದ ಏಕನಾಥ ಖಡ್ಸೆ. ಮಂತ್ರಾಲಯದಲ್ಲಿ 7 ದಿನಕ್ಕೆ 3,19,400 ಇಲಿಗಳನ್ನು ಕೊಂದ ದಾಖಲೆಯಿದೆ ಎಂದು ವಿಧಾನಸಭೆಯಲ್ಲೇ ಹೇಳಿದರು. ನಾನು ಲೆಕ್ಕದ ಮನುಷ್ಯ. ಲೋಕಲ್ ರೈಲಿನಲ್ಲಿ ನಿಂತೇ ಭಾಗಿಸಿದೆ: ದಿನಕ್ಕೆ 45,628. ಹಗಲು ರಾತ್ರಿ ಬಿಡುವಿಲ್ಲದೆ ಕೊಂದರೂ ನಿಮಿಷಕ್ಕೆ 31ಕ್ಕಿಂತ ಹೆಚ್ಚು! ಮುಂಬಯಿ ಪಾಲಿಕೆಯಲ್ಲಿ ಟಾರ್ಚು, ದೊಣ್ಣೆ ಹಿಡಿದು ರಾತ್ರಿ ಇಲಿ ಹೊಡೆಯುವ ನೌಕರರಿದ್ದಾರೆ. ಒಬ್ಬೊಬ್ಬರಿಗೆ ರಾತ್ರಿಗೆ 30 ಇಲಿಯ ಗುರಿ; ಬೆಳಿಗ್ಗೆ ಎಣಿಸಿ ಒಪ್ಪಿಸಬೇಕು. ಆ ಲೆಕ್ಕದಲ್ಲಿ ಒಂದೇ ಕಟ್ಟಡಕ್ಕೆ ಒಂದೂವರೆ ಸಾವಿರ ಜನ ಬೇಕಾಗುತ್ತಿತ್ತು.

ಆಮೇಲೆ ಸರ್ಕಾರದ ಕಡೆಯಿಂದ ಸ್ಪಷ್ಟೀಕರಣ ಬಂತು. ಅದು ಸತ್ತ ಇಲಿಗಳ ಸಂಖ್ಯೆಯಲ್ಲವಂತೆ, ಇಲಿ ಪಾಷಾಣದ ಗುಳಿಗೆಗಳ ಸಂಖ್ಯೆಯಂತೆ. ಸರಿ, ಅಷ್ಟು ಗುಳಿಗೆ ಹಿಡಿಸುವ ಬಿಲಗಳು ಎಲ್ಲಿದ್ದವು? ಬಿಲ ಹೋಗಲಿ, ಬಿಲ್ ಪಾಸು ಮಾಡಿದವರು ಯಾರು? ಇದನ್ನು ಕೇಳುವಷ್ಟರಲ್ಲಿ ನಮ್ಮ ಆಫೀಸಿನವರೆಲ್ಲ ನಕ್ಕು ಸುಸ್ತಾಗಿದ್ದರು. ಬೆಟ್ಟ ಅಗೆದು ಇಲಿ ಹಿಡಿಯುವುದು ಹಳೆಯ ಗಾದೆ. ಇಲ್ಲಿ ಇಲಿಯನ್ನೇ ತೋರಿಸಿ ಬೆಟ್ಟ ಮುಚ್ಚಿದರು.

ಇಲಿಗೆ ಇಂಥ ಸರ್ಕಾರಿ ನೌಕರಿ ಹೊಸದಲ್ಲ. ಪಾನನಿಷೇಧವಿದ್ದ ಬಿಹಾರದಲ್ಲಿ 2017ರಲ್ಲಿ ಜಪ್ತಾದ ಮದ್ಯ ಕಾಣೆಯಾದಾಗ ಇಲಿ ಕುಡಿದವು ಎಂದರು ಪೊಲೀಸರು. 2022ರಲ್ಲಿ ಮಥುರಾದ ಪೊಲೀಸರು 500 ಕಿಲೋಗೂ ಹೆಚ್ಚು ಗಾಂಜಾವನ್ನು ಇಲಿ ತಿಂದವು ಎಂದು ನ್ಯಾಯಾಲಯಕ್ಕೇ ಹೇಳಿದರು. ಪುಣ್ಯಕ್ಕೆ ಆ ನ್ಯಾಯಾಧೀಶರು ನಗಲಿಲ್ಲ, ಪುರಾವೆ ಕೊಡಿ ಎಂದರು.

ಇಂಥ ಉತ್ತರವನ್ನು ಯಾರೂ ನಂಬಲಿ ಎಂದು ಕೊಡುವುದಿಲ್ಲ ಎಂದೇ ನನ್ನ ಗುಮಾನಿ. ನಕ್ಕವನಿಗೆ ಸಿಟ್ಟು ಇಳಿದಿರುತ್ತದೆ, ಅಷ್ಟು ಸಾಕು.

ಇಲಿ ಸುದ್ದಿಗೆ ಎರಡು ತಿಂಗಳ ಮೊದಲು, ಅದೇ ಕಟ್ಟಡದಲ್ಲಿ ಧುಳೆ ಜಿಲ್ಲೆಯ 84 ವರ್ಷದ ರೈತ ಧರ್ಮಾ ಪಾಟೀಲ್ ವಿಷ ಕುಡಿದಿದ್ದರು. ಸ್ವಾಧೀನಪಡಿಸಿಕೊಂಡ ಜಮೀನಿಗೆ ನ್ಯಾಯವಾದ ಪರಿಹಾರ ಕೇಳಿ ಅಲೆದು ಸಾಕಾಗಿದ್ದವರು. ಜನವರಿ 28ರಂದು ತೀರಿಕೊಂಡರು. ಮಾರ್ಚ್‌ನಲ್ಲಿ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಮಂತ್ರಾಲಯದ ಇಲಿಗಳ ಮೇಲೆ ಲೆಕ್ಕವಿಲ್ಲದಷ್ಟು ಜೋಕು ಬಂದವು. ಪಾಟೀಲರ ಹೆಸರು ಒಮ್ಮೆಯೂ ಬರಲಿಲ್ಲ.