ಪಟದ ಹಿಂದಿನ ಹೆಸರು

ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹನ ಗುಡಿಯನ್ನು ಸುತ್ತುವವರ ಕಣ್ಣು ಗೋಡೆಯ ವಿಗ್ರಹಗಳ ಮೇಲೇ ಇರುತ್ತದೆ. ಅದು ಸಹಜ. ಸ್ವಲ್ಪ ಬಗ್ಗಿ ಪೀಠದ ಕಡೆ ನೋಡಿದರೆ ಅಲ್ಲಲ್ಲಿ ಅಕ್ಷರ ಕಾಣುತ್ತದೆ. ಬೈಚೋಜ, ಮಲ್ಲಿತಮ್ಮ. ಚನ್ನರಾಯಪಟ್ಟಣ ತಾಲ್ಲೂಕಿನ ಈ ಗುಡಿಯನ್ನು 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ. ಕೆತ್ತಿದವರು ತಮ್ಮ ಹೆಸರನ್ನೂ ಕೆತ್ತಿಟ್ಟು ಹೋದರು. ಮಲ್ಲಿತಮ್ಮನ ಹೆಸರು ಮುಂದೆ ಸೋಮನಾಥಪುರದಲ್ಲೂ ಸಿಗುತ್ತದೆ. ಬೇಲೂರಿಗೆ ಹೋದರೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಇಷ್ಟು ಮುಖಗಳನ್ನು ಕಲ್ಲಿನಿಂದ ಹೊರಗೆ ತಂದವರ ಮುಖ ಹೇಗಿತ್ತು ಎಂದು ಕೇಳಿದರೆ ಹೇಳುವವರಿಲ್ಲ. ಶಾಂತಲೆಯದೂ ಇದೇ ಕಥೆ. ಶ್ರವಣಬೆಳಗೊಳದಲ್ಲಿ 1123ರಲ್ಲಿ ಅವಳು ಕಟ್ಟಿಸಿದ ಸವತಿಗಂಧವಾರಣ ಬಸದಿಯಿದೆ, ಅವಳನ್ನು ಹೊಗಳುವ ಶಾಸನಗಳಿವೆ. ಬೇಲೂರಿನ ದರ್ಪಣಸುಂದರಿಯೇ ಶಾಂತಲೆ ಎಂದು ಗೈಡುಗಳು ತೋರಿಸುತ್ತಾರೆ, ನಾವೂ ನಂಬಿಕೊಂಡು ಬರುತ್ತೇವೆ. ಆದರೆ ಆ ಮದನಿಕೆಯ ಕೆಳಗೆ ಅವಳ ಹೆಸರಿಲ್ಲ.

ನಮ್ಮ ಹಾಸನ ಜಿಲ್ಲೆಯಲ್ಲಿ ಹೆಸರಿಗೆ ಬರವಿಲ್ಲ, ಮುಖಕ್ಕೆ ಬರ. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋಗಬೇಕು, ಗಡಿಬಿಡಿಯಿಲ್ಲದೆ ಒಂದಿಡೀ ದಿನ ಬರೀ ಮುಖಗಳನ್ನೇ ನೋಡಬೇಕು ಅನ್ನಿಸಿದ್ದು ಇದರಿಂದ. ಅರಕಲಗೂಡಿನ ದೊಡ್ಡಮ್ಮ ತಾನೂ ಬರುತ್ತೇನೆಂದಳು. ಅರಕಲಗೂಡಿಗೆ ರೈಲಿಲ್ಲ. ಬೆಳಗಿನ ಬಸ್ಸಿಗೆ ಹೊಳೆನರಸೀಪುರಕ್ಕೆ ಬಂದು ನನ್ನ ಜೊತೆ ರೈಲು ಹತ್ತಿದಳು. ಕೃಷ್ಣರಾಜನಗರ ದಾಟಿ, ಸಾಗರಕಟ್ಟೆಯ ಹತ್ತಿರ ಕನ್ನಂಬಾಡಿ ಕಟ್ಟೆಯ ಹಿನ್ನೀರಿನ ಮೇಲೆ ರೈಲು ಹೋಗುವಾಗ, "ನಮ್ಮ ಹೇಮಾವತಿನೂ ಇದ್ರಲ್ಲೇ ಸೇರಿರೋದು ಕಣೆ" ಎಂದು ಕಿಟಕಿಯಿಂದ ತೋರಿಸಿದಳು.

ಜಗನ್ಮೋಹನ ಅರಮನೆಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು 1861ರಲ್ಲಿ. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋದಾಗ ರಾಜಮನೆತನ ಇಲ್ಲಿಗೆ ಬಂದು, ಹೊಸ ಅರಮನೆ ಮುಗಿಯುವ ತನಕ, ಅಂದರೆ 1912ರವರೆಗೆ ಇಲ್ಲೇ ಇತ್ತು. 1902ರಲ್ಲಿ ನಾಲ್ವಡಿಯವರಿಗೆ ಅಧಿಕಾರ ವಹಿಸಿಕೊಡಲು ಲಾರ್ಡ್ ಕರ್ಜನ್ ಬಂದದ್ದೂ ಇಲ್ಲಿಗೇ. 1915ರಿಂದ ಇದು ಚಿತ್ರಶಾಲೆ.

ಜನ ಮೊದಲು ಕೇಳುವುದು ದೀಪ ಹಿಡಿದ ಹೆಂಗಸಿನ ಚಿತ್ರವನ್ನು. ಕತ್ತಲು ಮಾಡಿದ ಕೋಣೆಯಲ್ಲಿ ಅದನ್ನು ನೋಡಿದವರು ರವಿವರ್ಮನ ಕೈಚಳಕವನ್ನು ಹೊಗಳುತ್ತ ಹೊರಗೆ ಬರುತ್ತಾರೆ. ಅದು ರವಿವರ್ಮನದಲ್ಲ. ಸಾವಂತವಾಡಿಯ ಎಸ್. ಎಲ್. ಹಳದಣಕರ್ 1945-46ರಲ್ಲಿ ಜಲವರ್ಣದಲ್ಲಿ ಬರೆದದ್ದು. ದೀಪ ಹಿಡಿದು ನಿಂತದ್ದು ಅವರ ಮಗಳು ಗೀತಾ. ಅಂಗೈಯ ಮರೆಯಲ್ಲಿ ಬೆಳಕು ಬೆರಳುಗಳನ್ನು ಕೆಂಪಾಗಿಸಿ ಮುಖಕ್ಕೆ ಏರುವುದನ್ನು ಅಪ್ಪ ನೋಡಿದ್ದಾನೆ, ಮಗಳು ಅಲುಗಾಡದೆ ನಿಂತಿದ್ದಾಳೆ. ಆಕೆ ನೂರು ವರ್ಷ ದಾಟಿ ಬದುಕಿ 2018ರಲ್ಲಿ ತೀರಿಕೊಂಡರು. ಅಷ್ಟು ಕಾಲ ಲಕ್ಷಾಂತರ ಜನ ಆ ಮುಖವನ್ನು ಮೆಚ್ಚಿದರು, ಅವರಲ್ಲಿ ಎಷ್ಟು ಮಂದಿಗೆ ಆಕೆಯ ಹೆಸರು ಗೊತ್ತಿತ್ತು? ಹೀಗೊಂದು ಹೆಣ್ಣುಮಗಳು ಬದುಕಿದ್ದಾರೆ ಎಂದು ಗೊತ್ತಿದ್ದರೆ ಹೋಗಿ ನಮಸ್ಕಾರ ಮಾಡಿ ಬರುತ್ತಿದ್ದೆ.

ರವಿವರ್ಮನ ಪುರಾಣದ ಚಿತ್ರಗಳೂ ಇಲ್ಲಿವೆ. ಅವುಗಳ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಅವನು 1885ರಲ್ಲಿ ಮೈಸೂರಿಗೆ ಬಂದದ್ದು ಚಾಮರಾಜೇಂದ್ರ ಒಡೆಯರ ಕರೆಯ ಮೇಲೆ, ರಾಜಮನೆತನದವರನ್ನು ಎದುರಿಗೆ ಕೂರಿಸಿಕೊಂಡು ಬರೆಯಲು, ಎಂಬುದಷ್ಟೇ ನನಗಿಲ್ಲಿ ಮುಖ್ಯ.

ನಾನು ಬಹಳ ಹೊತ್ತು ನಿಂತದ್ದು ಮುಮ್ಮಡಿಯವರ ಕಾಲದ ಚಿತ್ರಗಳ ಮುಂದೆ. ಅವರು ಐದು ವರ್ಷದ ಮಗುವಾಗಿ 1799ರಲ್ಲಿ ಪಟ್ಟಕ್ಕೆ ಬಂದವರು. 1831ರಲ್ಲಿ ಇಂಗ್ಲಿಷರು ಆಡಳಿತ ಕಿತ್ತುಕೊಂಡರು. ಮುಂದೆ 1868ರಲ್ಲಿ ತೀರಿಕೊಳ್ಳುವವರೆಗೂ ಅವರು ಹೆಸರಿಗೆ ಮಾತ್ರ ದೊರೆ. ಆ ಮೂವತ್ತೇಳು ವರ್ಷ ಅವರು ಗ್ರಂಥ ಬರೆಸಿದರು, ಗುಡಿ ಕಟ್ಟಿಸಿದರು, ಗೋಡೆಗಳ ಮೇಲೆ ಚಿತ್ರ ಬರೆಸಿದರು. ಚಾಮುಂಡಿ ಬೆಟ್ಟದ ದೇವಸ್ಥಾನದಲ್ಲಿ ಮೂವರು ರಾಣಿಯರ ಜೊತೆ ಕೈಮುಗಿದು ನಿಂತ ಅವರ ಶಿಲಾಮೂರ್ತಿಯಿದೆ, ಪೀಠದ ಮೇಲೆ ಹೆಸರುಗಳಿವೆ. ನಂಜನಗೂಡಿನಲ್ಲೂ ಅವರ ಭಕ್ತವಿಗ್ರಹವಿದೆ. ರಾಜ್ಯ ಕೈಬಿಟ್ಟ ಮೇಲೆ ಆ ಮನುಷ್ಯ ತನ್ನ ಮುಖವನ್ನೂ ಹೆಸರನ್ನೂ ಬಿಡದೆ ಒಟ್ಟಿಗೆ ಕಟ್ಟಿಟ್ಟ. ಅದನ್ನು ಬರೀ ಬಿಂಕವೆಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ಕಳೆದುಹೋಗುವ ಭಯವನ್ನು ಹತ್ತಿರದಿಂದ ಕಂಡವರು ಮಾಡುವ ಕೆಲಸ ಅದು.

ಅವರು ಬರೆಸಿದ್ದರಲ್ಲೆಲ್ಲ ನನ್ನ ಮನಸ್ಸು ಹಿಡಿದದ್ದು ಸಂತಾನಾಂಬುಜ. ಒಡೆಯರ ವಂಶಾವಳಿಯೇ ಒಂದು ದೊಡ್ಡ ತಾವರೆ, ಅದರಲ್ಲಿ 1399ರ ಯದುರಾಯರಿಂದ ಹಿಡಿದು ದೊರೆಗಳ ಸಾಲು. ನಾನು ದೊಡ್ಡಮ್ಮನಿಗೆ ವಿವರಿಸಿದೆ. ಅವಳು ಕೇಳಿಸಿಕೊಂಡು, "ಅಷ್ಟು ಹಿಂದಿನೋರ ಮುಖ ಇವರಿಗೆ ಹೆಂಗೆ ಗೊತ್ತಾಯ್ತು?" ಅಂದಳು.

ಗೊತ್ತಿರಲಿಲ್ಲ. ನಾಲ್ಕು ಶತಮಾನಗಳ ಹಿಂದಿನ ಯದುರಾಯರನ್ನು ಚಿತ್ರಗಾರ ನೋಡಿರಲು ಸಾಧ್ಯವಿಲ್ಲ. ಹೆಸರಿತ್ತು, ಹೆಸರಿಗೊಂದು ಮುಖ ಬೇಕಿತ್ತು, ಕೊಟ್ಟ. ನಾವು ಇಂದು ಪಂಪನಿಗೆ, ಬಸವಣ್ಣನಿಗೆ, ಪುರಂದರದಾಸರಿಗೆ ಕೊಟ್ಟುಕೊಂಡಿರುವ ಮುಖಗಳೂ ಹೀಗೆ ಬಂದವು. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಸಂಗೀತಗಾರರ ಊರು. ಅಲ್ಲಿ ತಂಬೂರಿಯ ಆಕಾರದಲ್ಲಿ ಕಟ್ಟಿರುವ ಸಪ್ತಸ್ವರ ಮಂದಿರದಲ್ಲಿ ಪುರಂದರರು, ಕನಕರು, ತ್ಯಾಗರಾಜರು ಇದ್ದಾರೆ. ಅವರ ಎದುರು ಕೂತು ಹಾಡುವವರಿಗೆ ಆ ಮುಖ ನಿಜವೋ ಅಲ್ಲವೋ ಎಂಬ ಚಿಂತೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಪ್ರೀತಿ ಇದ್ದಲ್ಲಿ ಜನ ಮುಖವನ್ನು ಉಂಟುಮಾಡಿಕೊಳ್ಳುತ್ತಾರೆ.

ಇದು ನಮ್ಮ ಕಡೆ ಮಾತ್ರ ಇರುವ ಸಂಗತಿಯಲ್ಲ. ಜಗನ್ಮೋಹನ ಅರಮನೆ ಏಳುವ ಐದು ವರ್ಷ ಮೊದಲು, 1856ರಲ್ಲಿ, ಲಂಡನ್ನಿನಲ್ಲಿ ರಾಷ್ಟ್ರೀಯ ಭಾವಚಿತ್ರ ಶಾಲೆಯೊಂದು ಸ್ಥಾಪನೆಯಾಯಿತು. ಚಿತ್ರ ಎಷ್ಟು ಚೆನ್ನಾಗಿದೆ ಎಂಬುದಕ್ಕಿಂತ ಚಿತ್ರದಲ್ಲಿರುವವರು ಯಾರು ಎಂಬುದೇ ಅಲ್ಲಿ ಮುಖ್ಯ. ಅದರ ಸಂಗ್ರಹಕ್ಕೆ ಬಂದ ಮೊಟ್ಟಮೊದಲ ಚಿತ್ರ ಶೇಕ್ಸ್‌ಪಿಯರನದು. ಕಿವಿಗೆ ಚಿನ್ನದ ಬಳೆಯೊಂದನ್ನು ಹಾಕಿಕೊಂಡ ಆ ಗಡ್ಡದ ಮನುಷ್ಯ ನಿಜಕ್ಕೂ ಶೇಕ್ಸ್‌ಪಿಯರನೇ ಎಂಬುದನ್ನು ಇವತ್ತಿಗೂ ಪೂರ್ತಿ ಸಾಬೀತುಪಡಿಸಲಾಗಿಲ್ಲ. ಹೆಸರು ಮುಖಗಳ ಆ ಮನೆಯ ಮೊದಲನೇ ಪಟದಲ್ಲೇ ಹೆಸರಿಗೂ ಮುಖಕ್ಕೂ ಗಂಟು ಗಟ್ಟಿಯಾಗಿ ಬಿದ್ದಿಲ್ಲ.

ಆ ಗಂಟು ಬಿಚ್ಚಿಹೋದರೆ ಏನಾಗುತ್ತದೆ ಎಂಬುದಕ್ಕೆ ಮೈಸೂರಿನದೇ ಒಂದು ಚಿತ್ರವಿದೆ. ಅದು ಈ ಚಿತ್ರಶಾಲೆಯಲ್ಲಿಲ್ಲ, ದೇಶ ಬಿಟ್ಟು ಹೋಗಿದೆ. 1805ರ ಸುಮಾರಿಗೆ ಐರ್ಲೆಂಡಿನ ಥಾಮಸ್ ಹಿಕಿ ಬರೆದದ್ದು. ಮೂವರು ಹೆಂಗಸರು, ಮೈತುಂಬ ಒಡವೆ. ಬಹಳ ಕಾಲ ಅವರನ್ನು ನಾಟ್ಯದವರೆಂದೇ ತಿಳಿಯಲಾಗಿತ್ತು. ಚರಿತ್ರಕಾರ ನೈಜೆಲ್ ಚಾನ್ಸಲರ್ ಬೇರೆ ರೀತಿ ಓದಿದರು: ಇವರು ಮೈಸೂರಿನ ರಾಜವಂಶದ ಸ್ತ್ರೀಯರು, ಬಲಗಡೆಯವಳು ಮುಮ್ಮಡಿಯವರ ಎಳೆಯ ರಾಣಿ ದೇವಾಜಮ್ಮಣ್ಣಿ. ಅವಳು ಸೀರೆಯ ಸೆರಗನ್ನು ಸರಿಸಿ ತೋಳು ತೋರಿಸುತ್ತಿದ್ದಾಳೆ. ಸಿಡುಬಿಗೆ ಆಗ ಹೊಸದಾಗಿ ಬಂದಿದ್ದ ದಾಕು ಹಾಕಿಸಿಕೊಂಡ ಜಾಗ ಅದು. ಎಡಗಡೆಯ ಹಿರಿಯ ರಾಣಿಯ ಮೂಗು ಬಾಯಿಯ ಸುತ್ತ ಬಿಳಿಚಿದ ಕಲೆ, ಅದು ಹಳೆಯ ಕಾಲದ ಸಿಡುಬು ಹಾಕಿಸುವ ಪದ್ಧತಿಯ ಗುರುತು. ಜನ ಹೆದರಬಾರದೆಂದು ಅರಮನೆಯ ಹೆಂಗಸರೇ ಮುಂದೆ ನಿಂತರು ಎಂಬುದು ಚಾನ್ಸಲರ್ ಅವರ ವಾದ. ಎಲ್ಲರೂ ಒಪ್ಪಬೇಕೆಂದಿಲ್ಲ, ನನಗಂತೂ ಆ ತೋಳನ್ನು ಬೇರೆ ಥರ ನೋಡಲು ಈಗ ಆಗುವುದಿಲ್ಲ. ಹೆಸರು ಅಳಿಸಿದ್ದಕ್ಕೆ ಒಬ್ಬ ರಾಣಿ ಮಾಡಿದ ಕೆಲಸವೇ ಇನ್ನೂರು ವರ್ಷ ಕಾಣದಾಯಿತು.

ಅದೇ ಹಿಕಿ 1816ರಲ್ಲಿ ಮದರಾಸಿನಲ್ಲಿ ಕರ್ನಲ್ ಕಾಲಿನ್ ಮೆಕೆಂಜಿಯ ಚಿತ್ರ ಬರೆದ. ಮೈಸೂರು ಸೀಮೆಯನ್ನು ಅಳೆದು, ಶಾಸನ, ಕೈಫಿಯತ್ತುಗಳನ್ನು ಕೂಡಿಸಿದ ಮೆಕೆಂಜಿ ಕೆಂಪು ಅಂಗಿಯಲ್ಲಿ ನಡುವೆ ನಿಂತಿದ್ದಾನೆ. ಸುತ್ತ ಮೂವರಿದ್ದಾರೆ. ಓಲೆಗರಿ ಹಿಡಿದವನು ಮಲೆಯೂರಿನ ಜೈನ ಪಂಡಿತ ಧರ್ಮಯ್ಯ. ಪಕ್ಕದಲ್ಲಿ ಕಾವಲಿ ಲಕ್ಷ್ಮಯ್ಯ. ದುರ್ಬೀನು ಹಿಡಿದವನು ಜವಾನ ಕಿಸ್ತ್ನಾಜಿ. ಹಿಂದೆ ದೂರದಲ್ಲಿ ಗೊಮ್ಮಟ. ನಾನು ಇದನ್ನು ಅಚ್ಚಿನಲ್ಲಿ ಮಾತ್ರ ನೋಡಿದ್ದೇನೆ, ಮೂಲ ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿದೆ. ಎಷ್ಟೋ ದೊಡ್ಡ ದೊಡ್ಡ ಸಾಹೇಬರ ಚಿತ್ರಗಳಲ್ಲಿ ಪಕ್ಕದಲ್ಲಿ ನಿಂತವರು ಬರೀ ಆಳು. ಇಲ್ಲಿ ಜವಾನನ ಹೆಸರೂ ಉಳಿದಿದೆ. ಶಾಸನಗಳನ್ನು ಓದಿ ಬಿಡಿಸಿದ ಧರ್ಮಯ್ಯನಂಥವರಿಗೆ ಒಂದು ಮುಖವಿದೆ, ಅದಕ್ಕೊಂದು ಹೆಸರಿದೆ ಎಂಬುದು ನನಗೆ ಯಾವ ದೊರೆಯ ಪಟಕ್ಕಿಂತಲೂ ದೊಡ್ಡ ಸಮಾಧಾನ.

ಮೇಲಿನ ಅಂತಸ್ತಿನ ವಾದ್ಯಗಳು, ಗಂಜೀಫಾ ಎಲೆಗಳು, ಗಂಟೆ ಹೊಡೆಯುವಾಗ ಪುಟ್ಟ ಸಿಪಾಯಿಗಳು ಸಾಲು ಬರುವ ಫ್ರೆಂಚ್ ಗಡಿಯಾರ, ಇವನ್ನೆಲ್ಲ ದೊಡ್ಡಮ್ಮ ಆಸೆಯಿಂದ ನೋಡಿದಳು. ನಾನು ಅವಳ ಹಿಂದೆ ನಡೆದೆ. ವಾಪಸು ಬರುವಾಗ ರೈಲಿನಲ್ಲಿ ಅವಳು ಮೊದಲು ಮಾತಾಡಿದ್ದು ಚಿತ್ರಶಾಲೆಯ ಬಗ್ಗೆ ಅಲ್ಲ, ತನ್ನ ಮನೆಯ ಅಟ್ಟದ ಟ್ರಂಕಿನ ಬಗ್ಗೆ. "ಅದ್ರಲ್ಲೊಂದು ಕಂತೆ ಫೋಟೋ ಐತೆ. ನಾನು ಹೋದ್ರೆ ಅವ್ರು ಯಾರು ಯಾರು ಅಂತ ಹೇಳೋರಿಲ್ಲ ಕಣೆ."

ನಮ್ಮ ಮನೆಗಳಲ್ಲಿ ಕಷ್ಟ ಉಲ್ಟಾ. ಹೊಯ್ಸಳರ ಕಾಲದವರಿಗೆ ಹೆಸರು ಉಳಿದು ಮುಖ ಹೋಯಿತು. ನಮ್ಮಜ್ಜ ಅಜ್ಜಿಯರ ಕಾಲದವರಿಗೆ ಮುಖ ಉಳಿದು ಹೆಸರು ಹೋಗುತ್ತಿದೆ. ಹಾಸನ, ಚನ್ನರಾಯಪಟ್ಟಣದ ಸ್ಟುಡಿಯೋಗಳಲ್ಲಿ ಬಣ್ಣದ ಪರದೆಯ ಮುಂದೆ, ಪಕ್ಕದ ಮೇಜಿನ ಹೂದಾನಿಯ ಮೇಲೆ ಕೈಯಿಟ್ಟು ನಿಂತವರು, ಮದುವೆಯ ಚಪ್ಪರದಲ್ಲಿ ಸಾಲಾಗಿ ಕೂತವರು. ಹಿಂದೆ ತಿರುಗಿಸಿದರೆ ಸ್ಟುಡಿಯೋದ ಮೊಹರು ಮಾತ್ರ. ತೀರಿಕೊಂಡವರಲ್ಲಿ ಒಬ್ಬಿಬ್ಬರಿಗೆ ಕಟ್ಟು ಹಾಕಿಸಿ, ಗಾಜಿನ ಮೇಲೆ ಕುಂಕುಮವಿಟ್ಟು ಗೋಡೆಗೆ ಏರಿಸುತ್ತೇವೆ. ಉಳಿದವರು ಟ್ರಂಕಿನಲ್ಲಿರುತ್ತಾರೆ. ಮನೆ ಪಾಲಾದಾಗ ಪಾತ್ರೆಗೆ ಜಗಳವಾಗುತ್ತದೆ, ಈ ಕಂತೆಯನ್ನು ಕೇಳುವವರಿಲ್ಲ. ಗುಜರಿಗೆ ಹೋದದ್ದನ್ನೂ ಕಂಡಿದ್ದೇನೆ, ಆಗ ಹೊಟ್ಟೆ ಉರಿದದ್ದು ಇನ್ನೂ ಆರಿಲ್ಲ.

ಅರಕಲಗೂಡಿಗೆ ಹೋಗಿ, ಟ್ರಂಕಿನ ಫೋಟೋಗಳ ಬೆನ್ನಿಗೆ ಹೆಸರು ಬರೆಯಲು ಕೂತೆ. ಪೆನ್ನಿನ ಶಾಯಿ ಮುಂದಕ್ಕೆ ಇಳಿಯುತ್ತದೆ, ಒತ್ತಿ ಬರೆದರೆ ಗೀರು ಮುಖದ ಮೇಲೆ ಏಳುತ್ತದೆ. ಅದಕ್ಕೆ ಮೆತ್ತನೆಯ ಪೆನ್ಸಿಲ್ಲು. ಹಳೆಯ ಕಪ್ಪುಬಿಳುಪು ಕಾಗದ ಪೆನ್ಸಿಲನ್ನು ಹಿಡಿಯುತ್ತದೆ, ಈಚಿನ ಬಣ್ಣದ ಫೋಟೋಗಳ ನುಣುಪು ಬೆನ್ನು ಹಿಡಿಯುವುದಿಲ್ಲ. ಅವಕ್ಕೆ ಬೇರೆ ಕಾಗದದಲ್ಲಿ ಬರೆದು ಜೊತೆಗಿಟ್ಟೆ. ದೊಡ್ಡಮ್ಮ ಹೇಳುತ್ತ ಹೋದಳು. ಬರೀ ಹೆಸರು ಸಾಲದೆಂದು ಊರು, ಯಾರ ಮಗಳು, ಯಾವ ಮನೆಗೆ ಕೊಟ್ಟದ್ದು, ಎಲ್ಲ. ಒಬ್ಬ ಹುಡುಗನ ಹೆಸರು ಹೇಳಿ, "ಇವನು ಹೊಳೆಗೆ ಈಜಕ್ಕೆ ಹೋದೋನು ಬರ್ಲಿಲ್ಲ" ಅಂದಳು. ಅದನ್ನೂ ಬರೆದೆ. ಮದುವೆಯ ಫೋಟೋದಲ್ಲಿ ಅಂಚಿಗೆ ಅರ್ಧ ಕತ್ತರಿಸಿಹೋದ ಅಡುಗೆಯವನ ಹೆಸರು ಅವಳಿಗೆ ಗೊತ್ತಿತ್ತು, ವರನ ಸೋದರಮಾವನದು ಮರೆತುಹೋಗಿತ್ತು.

ಎರಡನೇ ಸಾಲಿನ ಒಬ್ಬ ಹೆಂಗಸು ಮಾತ್ರ ಸಿಗಲಿಲ್ಲ. ಕೈಯಲ್ಲಿ ಮಗು, ನೇರ ಕ್ಯಾಮೆರಾ ನೋಡುತ್ತಿದ್ದಾಳೆ. "ಬೀಗರ ಕಡೆಯೋಳು. ಚನ್ನರಾಯಪಟ್ಟಣದವಳೇ ಇರ್ಬೇಕು." ಆ ಮನೆಯ ಹಿರಿಯ ಅತ್ತೆಯೊಬ್ಬರು ಇನ್ನೂ ಇದ್ದಾರೆ, ಈಗ ಕಣ್ಣು ಮಂಜಂತೆ. ಆ ಫೋಟೋವನ್ನು ದೊಡ್ಡದು ಮಾಡಿಸಲು ಹಾಸನದಲ್ಲಿ ಕೊಟ್ಟಿದ್ದೇನೆ. ಶನಿವಾರ ಸಿಕ್ಕರೆ ಭಾನುವಾರ ದೊಡ್ಡಮ್ಮನನ್ನು ಕರೆದುಕೊಂಡು ಚನ್ನರಾಯಪಟ್ಟಣಕ್ಕೆ ಹೋಗುವುದು.