ಎಲ್ಲರಿಗೂ ಆಗುವ ನೋವು

ಮುಟ್ಟಿಗೆ ಕನ್ನಡದಲ್ಲಿ ಹೆಸರುಗಳ ಬರವಿಲ್ಲ. ಹೊರಗಾದಳು, ದೂರ ಕೂತಳು, ಕಾಗೆ ಮುಟ್ಟಿತು, ರಜೆ, ತಿಂಗಳದ್ದು. ನನ್ನ ಪಿಎಚ್.ಡಿ. ಮಹಿಳೆಯರ ಆತ್ಮಕಥನಗಳ ಮೇಲೆ. ಶರಣರು ರಜಸ್ಸೂತಕವನ್ನು ನಿರಾಕರಿಸಿದ ಕಾಲದಿಂದಲೂ ಮೈಲಿಗೆಯ ಬಗ್ಗೆ ನಮ್ಮಲ್ಲಿ ವಾದ ಬೇಕಾದಷ್ಟು ನಡೆದಿದೆ. ಆದರೆ ಆ ದಿನಗಳಲ್ಲಿ ಮೈ ಹೇಗೆ ನೋಯುತ್ತದೆ ಎಂದು ಹುಡುಕಿದಾಗ ನಾನು ಓದಿದ ಪುಟಗಳಲ್ಲಿ ಹೆಚ್ಚಾಗಿ ಸಿಕ್ಕಿದ್ದು ‘ಹೊಟ್ಟೆನೋವು’ ಎಂಬ ಒಂದೇ ಪದ. ಡಾಕ್ಟರ ಮುಂದೆ ಕೂತಾಗ ಅದು ಸಾಲುವುದಿಲ್ಲ.

ನನ್ನದು ಹೊಟ್ಟೆಗಿಂತ ಸೊಂಟದ ನೋವು. ಬೆನ್ನಿನ ಬುಡದಲ್ಲಿ ಒದ್ದೆ ಬಟ್ಟೆ ಹಿಂಡಿದ ಹಾಗೆ, ಅಲ್ಲಿಂದ ತೊಡೆಗೆ ಇಳಿಯುವ ಸೆಳೆತ. ಹಾಸ್ಟೆಲಿನಲ್ಲಿ ಮೆಫ್ತಾಲ್ ಸ್ಪಾಸ್ ಮಾತ್ರೆಯನ್ನು ಮನೆಯಿಂದ ತಂದ ಉಪ್ಪಿನಕಾಯಿಯಂತೆ ಹಂಚಿಕೊಳ್ಳುತ್ತೇವೆ. ಮೊದಲು ನೋಡಿದ ಡಾಕ್ಟರು, “ಎಲ್ಲರಿಗೂ ಆಗೋದೇ ಅಲ್ವೇನಮ್ಮ, ಮದುವೆಯಾದ್ರೆ ಸರಿಹೋಗುತ್ತೆ” ಎಂದರು. ಮದುವೆಯಾದ ಗೆಳತಿಯರ ಬ್ಯಾಗಿನಲ್ಲೂ ಅದೇ ಮಾತ್ರೆ ಇದೆ.

ಬಹಳ ಜನರಿಗೆ ಆಗುವುದು ನಿಜ. ಮುಟ್ಟಿನ ಹೊತ್ತಿಗೆ ಗರ್ಭಕೋಶದ ಒಳಪದರದಿಂದ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳು ಬಿಡುಗಡೆಯಾಗುತ್ತವೆ. ಸ್ನಾಯು ಬಿಗಿಯಾಗಿ ಹಿಂಡಿಕೊಳ್ಳುತ್ತದೆ, ಅಲ್ಲಿಗೆ ರಕ್ತ ಹರಿಯುವುದು ಕಡಿಮೆಯಾಗುತ್ತದೆ. ಗರ್ಭಕೋಶದ ನರಗಳೂ ಸೊಂಟದ ನರಗಳೂ ಬೆನ್ನುಹುರಿಯನ್ನು ಹತ್ತಿರ ಹತ್ತಿರವೇ ಸೇರುವುದರಿಂದ ಒಳಗಿನ ನೋವು ಬೆನ್ನಿನದು ಅನ್ನಿಸುತ್ತದೆ. ಈ ನೋವು ಎರಡು ಮೂರು ದಿನದಲ್ಲಿ ಇಳಿಯುತ್ತದೆ, ಮಾತ್ರೆಗೋ ಬಿಸಿನೀರಿನ ಚೀಲಕ್ಕೋ ಬಗ್ಗುತ್ತದೆ. ಬಗ್ಗದೆ, ವರ್ಷದಿಂದ ವರ್ಷಕ್ಕೆ ಏರುತ್ತಾ ಹೋಗುವ ನೋವಿನ ಕಥೆ ಬೇರೆ. ಅದು ಎಂಡೊಮೆಟ್ರಿಯೋಸಿಸ್ ಇರಬಹುದು: ಒಳಪದರದಂಥದ್ದೇ ಅಂಗಾಂಶ ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೋ ಕರುಳಿನ ಬಳಿಯೋ ಬೆಳೆಯುವುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹೆರುವ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು ಶೇ. 10ರಷ್ಟು ಮಂದಿಗೆ ಇದಿದೆ. ಸೋಂಕು, ಗಡ್ಡೆ, ಮೂತ್ರಪಿಂಡದ ಕಲ್ಲು ಕೂಡ ಕಾರಣವಾಗಬಹುದು. ನೋವಿನ ಜೊತೆ ಜ್ವರ ಬಂದರೆ, ಅಥವಾ ಮುಟ್ಟು ತಪ್ಪಿದ ಮೇಲೆ ಒಮ್ಮೆಲೇ ತಡೆಯಲಾಗದ ನೋವು ಬಂದರೆ ಕಾಯಬಾರದು. ನಮ್ಮಂಥವರು ಈ ಪಟ್ಟಿಗೆ ಲೈಬ್ರರಿಯ ಕುರ್ಚಿಯನ್ನೂ ಸೇರಿಸಿಕೊಳ್ಳಬೇಕು.

ಮೂರು ತಿಂಗಳು ಥೀಸಿಸ್ಸಿನ ಟಿಪ್ಪಣಿ ಪುಸ್ತಕದ ಹಿಂದಿನ ಹಾಳೆಗಳಲ್ಲಿ ನೋವನ್ನೂ ಬರೆದಿಟ್ಟೆ. ಯಾವ ದಿನ, ಎಲ್ಲಿ, ಹಿಂಡಿತೋ, ನುಲಿಯಿತೋ, ಚುಚ್ಚಿತೋ. ಸಂಜೆ ಬಂದು, ನಾಲ್ಕು ಹೆಜ್ಜೆ ನಡೆದರೆ ಹೋಗುವುದು ಕುರ್ಚಿಯ ನೋವು. ಮುಟ್ಟಿಗೆ ನಾಲ್ಕು ದಿನ ಮೊದಲೇ ಶುರುವಾಗಿ, ಶೌಚಕ್ಕೆ ಕೂತಾಗ ಉಸಿರು ಕಟ್ಟಿಸುವುದು ಇನ್ನೊಂದು. ಎರಡನೆಯ ಡಾಕ್ಟರು ಆ ಹಾಳೆಗಳನ್ನು ಪೂರ್ತಿ ಓದಿದರು. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಕಾಣದಿದ್ದರೂ ಎಂಡೊಮೆಟ್ರಿಯೋಸಿಸ್ ಇರಬಹುದು ಎಂದು ಹಾರ್ಮೋನ್ ಮಾತ್ರೆ ಬರೆದುಕೊಟ್ಟರು. “ಮನೇಲಿ ಯಾರಿಗಾದ್ರೂ ಹೀಗಿತ್ತಾ?” ಎಂದೂ ಕೇಳಿದರು.

ಅಮ್ಮನಿಗೆ ಫೋನ್ ಮಾಡಿದೆ. ಮೂವತ್ತಾರಕ್ಕೇ ಅವಳ ಗರ್ಭಕೋಶ ತೆಗೆದಿದ್ದರು.

“ಯಾಕಮ್ಮಾ ತೆಗೆದದ್ದು?”

“ನೋವಿತ್ತು, ತೆಗೆದ್ರು.”

“ಎಂಥಾ ನೋವು?”

ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಸಗಣಿ ಬಾಚೋಕೆ ಬಗ್ಗಿದ್ರೆ ಮತ್ತೆ ಏಳೋಕಾಗ್ತಿರ್ಲಿಲ್ಲ ಕಣೆ. ಕಕ್ಕಸಿಗೆ ಕೂತ್ರಂತೂ ಜೀವ ಹೋಗೋದು. ಇದನ್ನೆಲ್ಲ ಯಾರು ಕೇಳಿದ್ರು ಆಗ?”

ಅವಳ ಮಾತಿನಲ್ಲೇ ಬರೆದುಕೊಂಡೆ. ಮುಂದಿನ ತಿಂಗಳು ಡಾಕ್ಟರಿಗೆ ತೋರಿಸಬೇಕು.